ತೇಲುವ ಗಾಳಿಯಂತ್ರಕ್ಕೆ ಅಲೆಯಂತ್ರ ಜೋಡಿಸುವುದಾದರೆ: ಯಾವ ಜೋಡಣೆ, ಯಾವ ಸಮುದ್ರಕ್ಕೆ

ಆಳ ಸಮುದ್ರದಲ್ಲಿ ಗಾಳಿಯಂತ್ರ ತೇಲಿಸಿ ನಿಲ್ಲಿಸಬೇಕಾದರೆ ಲಂಗರು, ಸರಪಳಿ, ಕೇಬಲ್, ಬಂದರಿನ ಜಾಗ, ಪರವಾನಗಿ ಎಲ್ಲಕ್ಕೂ ಹೇಗೂ ದುಡ್ಡು ಹಾಕಬೇಕು. ಅದೇ ನೀರಿನಲ್ಲಿ ಅಲೆಯ ಶಕ್ತಿಯೂ ಹರಿದು ಹೋಗುತ್ತಿರುತ್ತದೆ. ಎರಡನ್ನೂ ಒಟ್ಟಿಗೆ ಹಿಡಿದರೆ ಖರ್ಚು ಹಂಚಿಹೋಗುತ್ತದೆ ಎಂಬುದು ಈ ಜೋಡಿ ಯೋಜನೆಗಳ ಮೂಲ ವಾದ. ವಾದ ಸರಿಯಾಗಿದೆ. ಆದರೆ ಏನನ್ನು ಹಂಚಿಕೊಳ್ಳಬೇಕು ಎಂಬಲ್ಲಿ ಹೆಚ್ಚಿನ ವಿನ್ಯಾಸಗಳು ಎಡವುತ್ತವೆ. ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ: ಕೇಬಲ್, ಬಂದರು, ದೋಣಿ, ಪರವಾನಗಿ ಹಂಚಿಕೊಳ್ಳಿ, ತಳಪಾಯವನ್ನು ಹಂಚಿಕೊಳ್ಳುವ ಮುನ್ನ ಹತ್ತು ಸಲ ಲೆಕ್ಕ ಹಾಕಿ.

ನಿಮ್ಮ ಮುಂದಿರುವ ಆಯ್ಕೆಗಳು ಮೂರು. ಒಂದೇ ತೇಲುವ ತಳಪಾಯದ ಮೇಲೆ ಗಾಳಿಯಂತ್ರ, ಅಲೆಯಂತ್ರ ಎರಡನ್ನೂ ಕೂರಿಸುವುದು. ಒಂದೇ ಕಡಲ ತುಂಡಿನಲ್ಲಿ ಎರಡನ್ನೂ ಬೇರೆ ಬೇರೆ ತಳಪಾಯದ ಮೇಲೆ ನಿಲ್ಲಿಸಿ ಕೇಬಲ್ ಮಾತ್ರ ಹಂಚುವುದು. ಮೂರನೆಯದು, ಗ್ರಿಡ್‌ಗೆ ಮಾರಲು ಅಲ್ಲದೆ ಗಾಳಿಯಂತ್ರದ ಸ್ವಂತ ಸಣ್ಣ ಹೊರೆಗಳಿಗಾಗಿ ಒಂದೆರಡು ಪುಟ್ಟ ಅಲೆಯಂತ್ರ ಇಟ್ಟುಕೊಳ್ಳುವುದು.

ಮೊದಲು ಲೆಕ್ಕ

ಆಳ ನೀರಿನಲ್ಲಿ ಒಂದು ಮೀಟರ್ ಅಗಲದ ಅಲೆಯಲ್ಲಿ ಎಷ್ಟು ಕಿಲೋವ್ಯಾಟ್ ಹರಿಯುತ್ತದೆ ಎಂದು ತಿಳಿಯಲು ಸುಲಭ ಸೂತ್ರವಿದೆ. ಗಣನೀಯ ಅಲೆ ಎತ್ತರವನ್ನು (ಅತಿ ಎತ್ತರದ ಮೂರನೇ ಒಂದು ಪಾಲು ಅಲೆಗಳ ಸರಾಸರಿ ಎತ್ತರ, ಮೀಟರಿನಲ್ಲಿ) ಅದರಿಂದಲೇ ಗುಣಿಸಿ, ಬಂದದ್ದನ್ನು ಅಲೆಯ ಶಕ್ತಿ ಅವಧಿಯಿಂದ (ಒಂದು ಅಲೆಯಿಂದ ಮುಂದಿನ ಅಲೆಗೆ ಹಿಡಿಯುವ ಸಮಯದ, ಶಕ್ತಿಯ ಲೆಕ್ಕದಲ್ಲಿ ತೆಗೆದ ಸರಾಸರಿ, ಸೆಕೆಂಡಿನಲ್ಲಿ) ಗುಣಿಸಿ, ಕೊನೆಗೆ 0.49ರಿಂದ ಗುಣಿಸಿ. ಎತ್ತರ 2 ಮೀಟರ್, ಅವಧಿ 8 ಸೆಕೆಂಡ್ ಇದ್ದರೆ ಮೀಟರಿಗೆ ಸುಮಾರು 15.7 ಕಿಲೋವ್ಯಾಟ್. 3 ಮೀಟರ್, 10 ಸೆಕೆಂಡ್ ಇದ್ದರೆ 44 ಕಿಲೋವ್ಯಾಟ್.

ಇದರಲ್ಲಿ ಯಂತ್ರದ ಕೈಗೆ ಸಿಗುವುದು ಒಂದು ಪಾಲು ಮಾತ್ರ. ಪ್ರಕಟವಾದ ಅಳತೆ, ಲೆಕ್ಕಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದವರಿಗೆ ಸಿಕ್ಕ ಸರಾಸರಿಗಳು ಹೀಗಿವೆ: ಮೇಲೆ ಕೆಳಗೆ ಆಡುವ ತೇಲುಗಳು ತಮ್ಮ ಅಗಲಕ್ಕೆ ಬಂದ ಶಕ್ತಿಯಲ್ಲಿ ಶೇಕಡ 16ರಷ್ಟನ್ನು ಹಿಡಿಯುತ್ತವೆ. ತೇಲುವ ರಚನೆಗೆ ಕೀಲು ಹಾಕಿದ ಫ್ಲಾಪ್‌ಗಳು (ಅಲೆಗೆ ಬಾಗಿಲಿನಂತೆ ಹಿಂದೆ ಮುಂದೆ ಆಡುವ ಹಲಗೆಗಳು) ಶೇಕಡ 12ರಷ್ಟು. ಸಮುದ್ರ ತಳಕ್ಕೇ ಕೀಲು ಹಾಕಿದ ಫ್ಲಾಪ್‌ಗಳಾದರೆ ಶೇಕಡ 37ರ ಹತ್ತಿರ. ಗಾಳಿಗೂಡುಗಳು ಶೇಕಡ 29ರಷ್ಟು (ತಳ ತೆರೆದ ಗೂಡಿನಲ್ಲಿ ನೀರು ಏರಿಳಿದು ಒಳಗಿನ ಗಾಳಿಯನ್ನು ಟರ್ಬೈನ್ ಮೂಲಕ ತಳ್ಳುವ ಬಗೆ ಇದು). ತೇಲುವ ಫ್ಲಾಪ್‌ನ ಅಂಕಿ ಅಷ್ಟು ಕೆಳಗಿಳಿಯಲು ಕಾರಣ ಸರಳ: ಫ್ಲಾಪ್ ತಳ್ಳಬೇಕಾದ ಆಸರೆಯೇ ಅಲೆಯ ಜೊತೆ ಸರಿದುಹೋಗುತ್ತದೆ.

ಈಗ 15 ಮೆಗಾವ್ಯಾಟ್‌ನ ಒಂದು ಗಾಳಿಯಂತ್ರ, ಅದರ ಮೂರು ಕಂಬದ ಸೆಮಿಸಬ್‌ಮರ್ಸಿಬಲ್ (ಅರ್ಧ ಮುಳುಗಿ ತೇಲುವ) ತಳಪಾಯ, ಕಂಬಗಳ ಪಕ್ಕಕ್ಕೆ 20 ಮೀಟರ್ ವ್ಯಾಸದ ಮೂರು ತೇಲು ಎಂದುಕೊಳ್ಳಿ. ಮೀಟರಿಗೆ 15.7 ಕಿಲೋವ್ಯಾಟ್‌ನ ಸಮುದ್ರದಲ್ಲಿ ಒಂದು ತೇಲಿಗೆ ಬರುವುದು 314 ಕಿಲೋವ್ಯಾಟ್, ಹಿಡಿಯುವುದು ಸುಮಾರು 50. ಮೂರಕ್ಕೆ 150 ಕಿಲೋವ್ಯಾಟ್. ಗಾಳಿಯಂತ್ರ ವರ್ಷದ ಸರಾಸರಿಯಲ್ಲಿ ತನ್ನ ಸಾಮರ್ಥ್ಯದ ಶೇಕಡ 45ರಷ್ಟು ದುಡಿದರೆ 6,750 ಕಿಲೋವ್ಯಾಟ್. ಅಂದರೆ ಅಲೆಯ ಕೊಡುಗೆ ಶೇಕಡ 2ಕ್ಕಿಂತ ತುಸು ಹೆಚ್ಚು. ವರ್ಷವಿಡೀ ಸರಾಸರಿ 44 ಕಿಲೋವ್ಯಾಟ್ ಸಿಗುವಂಥ ಒರಟು ಅಟ್ಲಾಂಟಿಕ್ ನೀರಿಗೆ ಹೋದರೂ ಶೇಕಡ 6ರ ಸುತ್ತ ನಿಲ್ಲುತ್ತದೆ.

ಹೀಗಾಗಿ "ಜೋಡಿಸಿದರೆ ವಿದ್ಯುತ್ ಎಷ್ಟು ಹೆಚ್ಚುತ್ತದೆ" ಎಂದು ಕೇಳುತ್ತ ಕೂತರೆ ಆಯ್ಕೆ ಮುಂದೆ ಸಾಗುವುದಿಲ್ಲ. ಆ 2 ಅಥವಾ 6 ಪಾಲಿಗಾಗಿ ಉಳಿದ 94 ಪಾಲಿಗೆ ಏನಾಗುತ್ತದೆ ಎಂದು ಕೇಳಿ.

ಒಂದೇ ತಳಪಾಯದ ಮೇಲೆ ಕೂರಿಸಿದರೆ

ಮೊದಲ ತೊಡಕು ರಿಪೇರಿ. ಅಲೆಯಂತ್ರದ ಹೈಡ್ರಾಲಿಕ್ ಸಿಲಿಂಡರ್ ಸೀಲು, ಕೀಲಿನ ಬೇರಿಂಗು, ಕೊನೆಮಿತಿಯ ತಡೆಗಳು ಬಿಡುವಿಲ್ಲದೆ ಹಿಂದೆ ಮುಂದೆ ಆಡುತ್ತಲೇ ಇರುತ್ತವೆ. 8 ಸೆಕೆಂಡಿಗೊಂದು ಅಲೆ ಎಂದರೆ ವರ್ಷಕ್ಕೆ ಸುಮಾರು 39 ಲಕ್ಷ ಸಲ. ಕೆಡುವುದು ಅವೇ ಮೊದಲು. ಅವನ್ನು ಸರಿಪಡಿಸಲು ತಂತ್ರಜ್ಞರು ತಳಪಾಯದ ನೀರಂಚಿಗೆ ಇಳಿಯಬೇಕು, ಅದಕ್ಕಾಗಿ ಮೇಲಿನ ಗಾಳಿಯಂತ್ರವನ್ನೂ ನಿಲ್ಲಿಸಬೇಕಾಗಬಹುದು. ಮೇಲಿನ ಉದಾಹರಣೆಯಲ್ಲೇ ನೋಡಿ: ಗಾಳಿಯಂತ್ರ ಒಂದು ದಿನ ನಿಂತರೆ 162 ಮೆಗಾವ್ಯಾಟ್‌ಗಂಟೆ ನಷ್ಟ. ಮೂರು ತೇಲುಗಳು ಸೇರಿ ದಿನಕ್ಕೆ ಕೊಡುವುದು 3.6 ಮೆಗಾವ್ಯಾಟ್‌ಗಂಟೆ. ಅಲೆಯಂತ್ರಕ್ಕಾಗಿ ಗಾಳಿಯಂತ್ರವನ್ನು ಒಂದು ದಿನ ನಿಲ್ಲಿಸಿದರೆ ನಲವತ್ತೈದು ದಿನದ ಅಲೆ ವಿದ್ಯುತ್ ಅಲ್ಲಿಗೇ ಹೋಯಿತು.

ಎರಡನೆಯದು ಉಕ್ಕಿನ ತೂಕ. 15 ಮೆಗಾವ್ಯಾಟ್ ಯಂತ್ರಕ್ಕೆಂದು ಅಮೆರಿಕದ ಮೇನ್ ವಿಶ್ವವಿದ್ಯಾಲಯ ರೂಪಿಸಿದ ವೋಲ್ಟರ್ನ್‌ಯುಎಸ್-ಎಸ್ ಎಂಬ ಮಾದರಿ ತಳಪಾಯಕ್ಕೆ ಸುಮಾರು 3,900 ಟನ್ ಉಕ್ಕು ಬೇಕು. ಶೇಕಡ 2 ಹೆಚ್ಚು ವಿದ್ಯುತ್ತಿಗೆ ಶೇಕಡ 2 ಹೆಚ್ಚು ಉಕ್ಕು ಎಂದು ಹಿಡಿದರೂ ಸಿಗುವುದು 78 ಟನ್. ಸ್ವೀಡನ್ನಿನ ಕೋರ್‌ಪವರ್ ಕಂಪನಿಯ ಸಿ4 ಯಂತ್ರದ ವ್ಯಾಸ ಬರೀ 9 ಮೀಟರ್. ಅದೊಂದರದೇ ತೂಕ ಸುಮಾರು 70 ಟನ್. 20 ಮೀಟರಿನ ಮೂರು ತೇಲು, ಅವುಗಳ ತೋಳು, ಕೀಲು, ತಳಪಾಯದಲ್ಲಿ ಅವಕ್ಕೆ ಬೇಕಾದ ಬಲವರ್ಧನೆ ಎಲ್ಲ 78 ಟನ್ನಿನೊಳಗೆ ಮುಗಿಯುವ ಮಾತೇ ಅಲ್ಲ.

ಇಷ್ಟಾದ ಮೇಲೂ ಒಂದೇ ತಳಪಾಯವೇ ಬೇಕೆನ್ನುವವರು ಯಾವ ಬಗೆ ಆರಿಸಬೇಕು? ಯುರೋಪಿನ ಮರೀನಾ ಪ್ಲಾಟ್‌ಫಾರ್ಮ್ ಯೋಜನೆ (2010–2014) ಹತ್ತಾರು ಕಲ್ಪನೆಗಳನ್ನು ಸೋಸಿ ಮೂರನ್ನು ಉಳಿಸಿಕೊಂಡಿತು. ಸ್ಪಾರ್ ಕಂಬದ (ನೀರಿನಾಳಕ್ಕೆ ನೆಟ್ಟಗೆ ಇಳಿದ ಒಂದೇ ಉದ್ದ ಕಂಬದ ತಳಪಾಯ) ಸುತ್ತ ಉಂಗುರದಂತೆ ಏರಿಳಿಯುವ ತೇಲು, ಸೆಮಿಸಬ್‌ಮರ್ಸಿಬಲ್‌ನ ಪೊಂಟೂನ್ (ಕಂಬಗಳನ್ನು ನೀರಿನಡಿ ಜೋಡಿಸುವ ಟೊಳ್ಳು ತೊಲೆ) ಮೇಲೆ ಮುಳುಗಿರುವ ಫ್ಲಾಪ್‌ಗಳು, ಸಾಲು ಗಾಳಿಗೂಡುಗಳ ನಡುವೆ ಗಾಳಿಯಂತ್ರ.

ಉಂಗುರದ ಬಗೆ ಕಾಗದದ ಮೇಲೆ ಚೆಂದ. ಸ್ಪಾರ್ ಆಳಕ್ಕೆ ಇಳಿದಿರುವುದರಿಂದ (ಸ್ಕಾಟ್ಲೆಂಡಿನ ಹೈವಿಂಡ್‌ನಲ್ಲಿ 78 ಮೀಟರ್) ಅಲೆಗೆ ಅಷ್ಟಾಗಿ ಏಳುವುದಿಲ್ಲ. ಉಂಗುರ ಏಳುತ್ತದೆ. ನಡುವಿನ ಅಂತರದ ಚಲನೆಯಿಂದ ವಿದ್ಯುತ್. ತೊಂದರೆ ಬಿರುಗಾಳಿಯಲ್ಲಿ. ಉಂಗುರವನ್ನು ಕಂಬಕ್ಕೆ ಬಿಗಿದು ನೀರ ಮೇಲ್ಮೈಯಲ್ಲೇ ಬಿಟ್ಟರೆ ಅಲೆ ಅದರ ತಳವನ್ನು ಬಿಟ್ಟು ಮತ್ತೆ ಬಂದು ಅಪ್ಪಳಿಸುತ್ತದೆ. ಮಾದರಿ ಪರೀಕ್ಷೆಗಳಲ್ಲಿ ಈ ಹೊಡೆತ ಸ್ಪಷ್ಟವಾಗಿ ಕಂಡಿದೆ. ಸ್ಪಾರ್‌ಗೆ ನೀರು ತುಂಬಿ ಉಂಗುರ ಸಮೇತ ಕೆಳಕ್ಕಿಳಿಸಿ ಮುಳುಗಿಸಿಟ್ಟರೆ ಹೊಡೆತ ತಗ್ಗುತ್ತದೆ. ಆದರೆ ಆ ಇಳಿಸುವ ಏರ್ಪಾಡು ಬಿರುಗಾಳಿ ಬರುವ ಮುಂಚೆಯೇ, ಗ್ರಿಡ್ ಸಂಪರ್ಕ ಕಡಿದಿದ್ದಾಗಲೂ, ಪ್ರತಿಸಲ ತಪ್ಪದೆ ಕೆಲಸ ಮಾಡಬೇಕು. ಇದಕ್ಕೆ ಉತ್ತರವಿಲ್ಲದ ಉಂಗುರ ವಿನ್ಯಾಸವನ್ನು ಒಪ್ಪಬೇಡಿ.

ಫ್ಲಾಪ್ ಸದಾ ನೀರೊಳಗೇ ಇರುವುದರಿಂದ ಅಪ್ಪಳಿಕೆಯ ಭಯ ಕಡಿಮೆ, ಬಿರುಗಾಳಿಯಲ್ಲಿ ಅದನ್ನು ಸಡಿಲ ಬಿಡಬಹುದು. ಬದುಕುಳಿಯುವ ವಿಷಯದಲ್ಲಿ ಇದು ಉಂಗುರಕ್ಕಿಂತ ಮೇಲು. ಆದರೆ ಸಿಗುವ ವಿದ್ಯುತ್ ತೀರ ಕಡಿಮೆ, ಕೀಲು ರಿಪೇರಿ ಎಂದರೆ ಮುಳುಗುಗಾರರು ಅಥವಾ ನೀರೊಳಗಿನ ರೋಬೋ ಬೇಕು.

ಗಾಳಿಗೂಡಿನ ದೊಡ್ಡ ಗುಣ, ಆಡುವ ಭಾಗ ಒಂದೇ, ಅದೂ ನೀರಿಗಿಂತ ಮೇಲೆ. ಬೆಲ್‌ಫಾಸ್ಟಿನಲ್ಲಿ ಅಲನ್ ವೆಲ್ಸ್ ರೂಪಿಸಿದ ಟರ್ಬೈನ್ ಗಾಳಿ ಒಳ ಬಂದರೂ ಹೊರ ಹೋದರೂ ಒಂದೇ ದಿಕ್ಕಿಗೆ ತಿರುಗುತ್ತದೆ. ಕೇರಳದ ವಿಳಿಂಜಂ ಬಂದರಿನಲ್ಲಿ 1991ರಲ್ಲಿ ಐಐಟಿ ಮದ್ರಾಸಿನವರು ಓಡಿಸಿದ 150 ಕಿಲೋವ್ಯಾಟ್ ಘಟಕ ಇದೇ ಬಗೆಯದು. ಸ್ಪೇನಿನ ಬಾಸ್ಕ್ ಸೀಮೆಯ ಮುತ್ರಿಕುವಿನಲ್ಲಿ 2011ರಿಂದ 18.5 ಕಿಲೋವ್ಯಾಟ್‌ನ 16 ಟರ್ಬೈನುಗಳು ಅಲೆತಡೆ ಗೋಡೆಯೊಳಗೆ ಕೂತಿವೆ. ಒಂದು ಕೆಟ್ಟರೆ ಉಳಿದವು ನಡೆಯುತ್ತವೆ, ಈ ಸಣ್ಣ ಸಣ್ಣದಾಗಿ ಒಡೆದ ಜೋಡಣೆ ಅನುಕರಿಸಲು ಯೋಗ್ಯ.

ಆದರೆ ಗಮನಿಸಿ, ಎರಡೂ ನೆಲಕ್ಕೆ ಕೂತ ಕಾಂಕ್ರೀಟು. ತೇಲುವ ತಳಪಾಯದಲ್ಲಿ "ಕಂಬ ಹೇಗೂ ಟೊಳ್ಳು, ತಳ ಕೊಯ್ದು ಅದನ್ನೇ ಗೂಡು ಮಾಡೋಣ" ಎಂಬ ಸಲಹೆ ಪದೇ ಪದೇ ಬರುತ್ತದೆ. ಇದು ಅಪಾಯದ ಸಲಹೆ. ಸೆಮಿಸಬ್‌ಮರ್ಸಿಬಲ್ ಮಗುಚದೆ ನಿಂತಿರುವುದೇ ನೀರಿನ ಮಟ್ಟದಲ್ಲಿ ಆ ಕಂಬಗಳು ಕತ್ತರಿಸುವ ವಿಸ್ತೀರ್ಣ ಮತ್ತು ಅವುಗಳ ನಡುವಿನ ದೂರದಿಂದ. 12.5 ಮೀಟರ್ ವ್ಯಾಸದ ಕಂಬವೊಂದು ಕೊಡುವುದು ಸುಮಾರು 123 ಚದರ ಮೀಟರ್. ತಳ ತೆರೆದು ನೀರು ಒಳಬಿಟ್ಟರೆ ಆ ವಿಸ್ತೀರ್ಣದ ಬಹುಪಾಲು ಕೈಬಿಟ್ಟಂತೆ. ಜೊತೆಗೆ ತೇಲುವ ಬಲವೂ ಇಳಿಯಿತು. ಗೂಡು ಬೇಕಿದ್ದರೆ ಕಂಬದ ಹೊರಗೆ ಬೇರೆಯಾಗಿ ಕಟ್ಟಿ, ಒಳಗಿನ ಮುಚ್ಚಿದ ಕಂಬಕ್ಕೆ ಕೈ ಹಚ್ಚಬೇಡಿ. ಒತ್ತಡ ಬಿಡುವ ಕವಾಟ, ಟರ್ಬೈನಿನ ರೆಕ್ಕೆಗೆ ಕೂರುವ ಉಪ್ಪು, ಕಿವಿಗಡಚಿಕ್ಕುವ ಸದ್ದು ಇವಕ್ಕೆ ಮೊದಲೇ ವ್ಯವಸ್ಥೆ ಇರಲಿ.

ಜೋಡಿ ತಳಪಾಯ ಕಡಲಿಗಿಳಿದಿಲ್ಲ ಎಂದಲ್ಲ. ಡೆನ್ಮಾರ್ಕಿನ ಫ್ಲೋಟಿಂಗ್ ಪವರ್ ಪ್ಲಾಂಟ್ ಕಂಪನಿಯ 37 ಮೀಟರ್ ಅಗಲದ ಪೊಸೈಡಾನ್ 2008ರಲ್ಲಿ ಲೋಲಾಂಡ್ ದ್ವೀಪದ ಬಳಿ ನೀರಿಗಿಳಿದು, ಮುಂದೆ 11 ಕಿಲೋವ್ಯಾಟ್‌ನ ಮೂರು ಗಾಳಿಯಂತ್ರಗಳನ್ನೂ ಹೊತ್ತು, ಗಾಳಿ ಮತ್ತು ಅಲೆ ಎರಡರ ವಿದ್ಯುತ್ತನ್ನೂ ಗ್ರಿಡ್‌ಗೆ ಕೊಟ್ಟಿತು. ಆ ಅಳತೆಯಲ್ಲಿ ಎರಡೂ ಸರಿಸುಮಾರು ಸಮಬಲ. ಗಾಳಿಯಂತ್ರ 15 ಮೆಗಾವ್ಯಾಟ್‌ಗೆ ಬೆಳೆದಾಗ ಅಲೆಯಂತ್ರ ಜೊತೆಗೆ ಬೆಳೆಯಲಿಲ್ಲ ಎಂಬುದೇ ಇಂದಿನ ಕಷ್ಟ. ತೇಲಿನ ಮಿತಿಯನ್ನು ಅಲೆಯ ಉದ್ದವೇ ಕಟ್ಟಿಹಾಕುತ್ತದೆ: ಏರಿಳಿಯುವ ಒಂದು ತೇಲು ಎಷ್ಟೇ ಚೆನ್ನಾಗಿದ್ದರೂ ಅಲೆಯುದ್ದದ ಆರನೇ ಒಂದು ಭಾಗಕ್ಕಿಂತ ಹೆಚ್ಚು ಅಗಲದ ಶಕ್ತಿಯನ್ನು ಹಿಡಿಯಲಾರದು. 8 ಸೆಕೆಂಡಿನ ಅಲೆಗೆ ಅದು 16 ಮೀಟರ್ ಅಷ್ಟೆ.

ಓಲಾಟ ತಗ್ಗುತ್ತದೆಯೇ?

ಅಲೆಯಂತ್ರ ಅಲೆಯ ಶಕ್ತಿ ಹೀರಿಕೊಂಡು ತಳಪಾಯದ ಓಲಾಟ ತಗ್ಗಿಸುತ್ತದೆ, ಆದ್ದರಿಂದ ಗಾಳಿಯಂತ್ರಕ್ಕೂ ಲಾಭ ಎಂಬ ಮಾತು ಕರಪತ್ರಗಳಲ್ಲಿ ತಪ್ಪದೆ ಇರುತ್ತದೆ. ಅರ್ಧ ನಿಜ. ವೋಲ್ಟರ್ನ್‌ಯುಎಸ್-ಎಸ್‌ನಂಥ ತಳಪಾಯದ ಸಹಜ ಓಲಾಟದ ಅವಧಿ ಸುಮಾರು 28 ಸೆಕೆಂಡ್, ಏರಿಳಿತದ್ದು 20ರ ಹತ್ತಿರ. ಅಲೆಯಂತ್ರವನ್ನು ಶ್ರುತಿ ಮಾಡಿರುವುದು 6ರಿಂದ 12 ಸೆಕೆಂಡಿನ ಅಲೆಗಳಿಗೆ. ತಳಪಾಯವನ್ನು 28 ಸೆಕೆಂಡಿನ ಲಯದಲ್ಲಿ ತೂಗಿಸುವುದು ಗಾಳಿಯ ನಿಧಾನ ಏರುಪೇರು ಮತ್ತು ಅಲೆಗುಂಪುಗಳ ನಿಧಾನ ಎಳೆತ. ಅಲ್ಲಿ ಆ ಅಲೆಯಂತ್ರದ ಕೈ ನಡೆಯುವುದಿಲ್ಲ. ನಿಯಂತ್ರಣದ ಮೂಲಕ ನಡೆಸಬಹುದು, ಆಗ ವಿದ್ಯುತ್ ಇನ್ನೂ ಕಡಿಮೆಯಾಗುತ್ತದೆ. ಇದೇ ಕೆಲಸಕ್ಕೆ ಪೋರ್ಚುಗಲ್ಲಿನ ವಿಂಡ್‌ಫ್ಲೋಟ್ ಅಟ್ಲಾಂಟಿಕ್‌ನಲ್ಲಿ ಕಂಬಗಳ ಬುಡಕ್ಕೆ ಅಗಲ ತಟ್ಟೆಗಳಿವೆ, ಕಂಬದಿಂದ ಕಂಬಕ್ಕೆ ನೀರು ಪಂಪ್ ಮಾಡಿ ಸಮತೋಲ ಕಾಯುವ ಬ್ಯಾಲಸ್ಟ್ ಇದೆ. ತಟ್ಟೆಗೆ ಸೀಲೂ ಇಲ್ಲ ಬೇರಿಂಗೂ ಇಲ್ಲ. ಮಾರುವವರು ಓಲಾಟದ ಲಾಭ ಹೇಳಿದರೆ, ಬರೀ ತಟ್ಟೆ ಹಾಕಿದ ತಳಪಾಯದ ಜೊತೆ ಹೋಲಿಸಿದ ಅಂಕಿ ಕೇಳಿ. ಏನೂ ಇಲ್ಲದ ತಳಪಾಯದ ಜೊತೆ ಹೋಲಿಸಿದ್ದನ್ನು ಬದಿಗಿಡಿ.

ಬಿಗಿ ತಂತಿಯ ತಳಪಾಯಕ್ಕೆ (ಟೆನ್ಷನ್ ಲೆಗ್, ಕಡಲತಳಕ್ಕೆ ಬಿಗಿದ ತಂತಿಗಳು ಹಿಡಿದಿಟ್ಟಿರುವ ತಳಪಾಯ, ಫ್ರಾನ್ಸಿನ ಪ್ರೊವೆನ್ಸ್ ಗ್ರಾಂಡ್ ಲಾರ್ಜ್‌ನದು ಈ ಬಗೆ) ಅಲೆಯಂತ್ರ ಜೋಡಿಸಿದರೆ ಆಸರೆ ಗಟ್ಟಿ, ವಿದ್ಯುತ್ ಚೆನ್ನಾಗಿ ಬರುತ್ತದೆ. ಆದರೆ ಆ ಬಲವೆಲ್ಲ ಪ್ರತಿ ಅಲೆಗೂ ತಂತಿಗಳ ಮೇಲೇ ಬೀಳುತ್ತದೆ, ದಣಿವಿನಿಂದ ತಂತಿ ಸೋಲುವ ಕಾಲ ಹತ್ತಿರವಾಗುತ್ತದೆ. ತಂತಿ ಹರಿದರೆ ಇಡೀ ಗೋಪುರಕ್ಕೇ ಕುತ್ತು. ಇದನ್ನು ನಾವು ಶಿಫಾರಸು ಮಾಡುವುದಿಲ್ಲ.

ಒಂದೇ ಕಡಲು, ಬೇರೆ ಬೇರೆ ತಳಪಾಯ

ಹೆಚ್ಚಿನವರಿಗೆ ಸರಿಹೊಂದುವುದು ಇದೇ. ಅಲೆಯಂತ್ರ ಕೆಟ್ಟರೆ ಅದನ್ನಷ್ಟೇ ಬಿಚ್ಚಿ ಟಗ್‌ನಲ್ಲಿ ಎಳೆದೊಯ್ಯಬಹುದು, ಗಾಳಿಯಂತ್ರ ತಿರುಗುತ್ತಲೇ ಇರುತ್ತದೆ.

ಪೋರ್ಚುಗಲ್ಲಿನ ಅಗುಸಾದೋರಾ ಈ ಪ್ರತ್ಯೇಕತೆಯ ಬೆಲೆಯನ್ನು ಚೆನ್ನಾಗಿ ತೋರಿಸುತ್ತದೆ. 2008ರಲ್ಲಿ ಅಲ್ಲಿ 750 ಕಿಲೋವ್ಯಾಟ್‌ನ ಮೂರು ಪೆಲಾಮಿಸ್ ಅಲೆಯಂತ್ರಗಳನ್ನು ನಿಲ್ಲಿಸಲಾಯಿತು. ಕೀಲುಗಳ ಬೇರಿಂಗ್ ತೊಂದರೆ, ಜೊತೆಗೆ ಹಣ ಹಾಕಿದವರ ಬಿಕ್ಕಟ್ಟು, ಕೆಲವೇ ತಿಂಗಳಲ್ಲಿ ದಡಕ್ಕೆ ಎಳೆದು ತಂದರು. 2011ರಲ್ಲಿ ಅದೇ ಕರಾವಳಿಯಲ್ಲಿ 2 ಮೆಗಾವ್ಯಾಟ್‌ನ ಮೊದಲ ವಿಂಡ್‌ಫ್ಲೋಟ್ ನಿಂತು ವರ್ಷಗಟ್ಟಲೆ ದುಡಿಯಿತು. 2023ರಲ್ಲಿ ಕೋರ್‌ಪವರ್‌ನ 300 ಕಿಲೋವ್ಯಾಟ್ ಸಿ4 ಅಲ್ಲಿಗೇ ಬಂದು, ಆ ನವೆಂಬರಿನ ಬಿರುಗಾಳಿಯಲ್ಲಿ 18.5 ಮೀಟರ್ ಎತ್ತರದ ಅಲೆಯನ್ನು ತಾಳಿಕೊಂಡಿತು. ಸಣ್ಣ ಅಲೆಗೆ ಹೆಚ್ಚು ಸ್ಪಂದಿಸಿ, ದೊಡ್ಡ ಅಲೆ ಬಂದಾಗ ಶ್ರುತಿ ತಪ್ಪಿಸಿಕೊಂಡು ಸುಮ್ಮನಾಗುವ ಗುಣ ಅದಕ್ಕಿದೆ. ಪೆಲಾಮಿಸ್ ಮತ್ತು ವಿಂಡ್‌ಫ್ಲೋಟ್ ಒಂದೇ ಉಕ್ಕಿನ ಮೇಲಿದ್ದಿದ್ದರೆ ಬೇರಿಂಗ್ ಸೋತ ದಿನವೇ ಎರಡೂ ದಡಕ್ಕೆ ಬರಬೇಕಾಗುತ್ತಿತ್ತು.

ಇಲ್ಲಿ ಎಲ್ಲರೂ ಮಾಡುವ ಒಂದು ತಪ್ಪು ಊಹೆಯಿದೆ: ಗಾಳಿಯಂತ್ರಗಳ ನಡುವೆ ಕಿಲೋಮೀಟರುಗಟ್ಟಲೆ ಖಾಲಿ ನೀರು ಇದೆ, ಅಲೆಯಂತ್ರಗಳನ್ನು ಅಲ್ಲಿ ತುಂಬಬಹುದು ಎಂದು. ನಕ್ಷೆಯಲ್ಲಿ ಖಾಲಿ, ನೀರೊಳಗೆ ಅಲ್ಲ. 240 ಮೀಟರ್ ರೆಕ್ಕೆಚಕ್ರದ ಯಂತ್ರಗಳನ್ನು ಏಳು ವ್ಯಾಸದ ಅಂತರದಲ್ಲಿಟ್ಟರೆ 1,680 ಮೀಟರ್. 200 ಮೀಟರ್ ಆಳದಲ್ಲಿ ವೋಲ್ಟರ್ನ್‌ಯುಎಸ್-ಎಸ್‌ನ ಸರಪಳಿಗಳು ಪ್ರತಿಯೊಂದೂ 850 ಮೀಟರ್; ಲಂಗರು ಬೀಳುವುದು ನಡುವಿನಿಂದ ಸುಮಾರು 838 ಮೀಟರ್ ದೂರಕ್ಕೆ. ಎದುರು ಬದುರಾದ ಎರಡು ಯಂತ್ರಗಳ ಲಂಗರುಗಳು ಹೆಚ್ಚುಕಡಿಮೆ ಮುಖಾಮುಖಿ ಬಂದು ನಿಲ್ಲುತ್ತವೆ. ಅವುಗಳ ಮೇಲೆ ಓಲಾಡುವ ಕೇಬಲ್ ಬೇರೆ. ಆದ್ದರಿಂದ ಅಲೆಯಂತ್ರಗಳನ್ನು ನಡುವೆ ತುರುಕದೆ, ಅಲೆ ಬರುವ ದಿಕ್ಕಿನ ಅಂಚಿನಲ್ಲಿ ಸಾಲಾಗಿ ನಿಲ್ಲಿಸಿ.

ಅಂಚಿನ ಸಾಲಿಗೆ ಇನ್ನೊಂದು ಲಾಭವಿದೆ, ಅದನ್ನು ಲೆಕ್ಕದಲ್ಲಿ ಸೇರಿಸುವವರು ಕಡಿಮೆ. ಸಾಲಿನ ಹಿಂಬದಿಯ ನೀರು ತುಸು ಶಾಂತವಾಗುತ್ತದೆ. ಸಾಮಾನ್ಯ ಸಿಬ್ಬಂದಿ ದೋಣಿಯಿಂದ ಗೋಪುರಕ್ಕೆ ಹತ್ತಲು ಗಣನೀಯ ಅಲೆ ಎತ್ತರ 1.5 ಮೀಟರಿನೊಳಗೆ ಇರಬೇಕು. ಸಾಲಿನ ಹಿಂದೆ 1.7 ಮೀಟರ್ 1.5ಕ್ಕೆ ಇಳಿದರೂ ಕೆಲಸಕ್ಕೆ ಸಿಗುವ ದಿನ ಹೆಚ್ಚುತ್ತದೆ. ಆದರೆ ಅತಿಯಾಗಿ ನಂಬಬೇಡಿ: ಯಂತ್ರಗಳು ವಿರಳವಾಗಿದ್ದರೆ ಆ ಶಾಂತ ನೀರಿನ ನೆರಳಿಗೆ ಅಲೆ ಬೇಗ ಮತ್ತೆ ತುಂಬಿಕೊಳ್ಳುತ್ತದೆ, ಉದ್ದ ಅವಧಿಯ ಅಲೆಗಳು ಹೆಚ್ಚುಕಡಿಮೆ ಹಾಗೇ ದಾಟಿ ಬರುತ್ತವೆ.

ಕೇಬಲ್ ವಿಷಯಕ್ಕೆ ಬಂದರೆ, ಗಾಳಿಯಂತ್ರಗಳ ನಡುವಿನ ಜಾಲ ಈಗ ಸಾಮಾನ್ಯವಾಗಿ 66 ಕಿಲೋವೋಲ್ಟ್. ಪ್ರತಿ ಸಣ್ಣ ಅಲೆಯಂತ್ರಕ್ಕೂ ಅಲ್ಲಿಗೆ ಏರಿಸುವ ಟ್ರಾನ್ಸ್‌ಫಾರ್ಮರ್ ಕೊಡಲಾಗುವುದಿಲ್ಲ. ಹತ್ತಿಪ್ಪತ್ತು ಯಂತ್ರಗಳನ್ನು ಒಂದು ಗೊಂಚಲು ಮಾಡಿ, ಒಂದೇ ಕಡೆ ಏರಿಸಿ, ಒಂದೇ ಕಡೆ ಜೋಡಿಸಿ. ಅಲೆಯಂತ್ರದ ವಿದ್ಯುತ್ ಪ್ರತಿ ಅಲೆಗೆ ಎರಡು ಸಲ ಏರಿ ಇಳಿಯುತ್ತದೆ, ತುತ್ತತುದಿ ಸರಾಸರಿಯ ಹತ್ತು ಪಟ್ಟಾದರೂ ಆಶ್ಚರ್ಯವಿಲ್ಲ. ಗೊಂಚಲಿನಲ್ಲಿ ಏರಿಳಿತಗಳು ಒಂದನ್ನೊಂದು ಅಳಿಸುತ್ತವೆ. ಉಳಿದದ್ದಕ್ಕೆ ಶಕ್ತಿಯನ್ನು ಕೆಲ ಹೊತ್ತು ಕೂಡಿಟ್ಟು ಬಿಡುವ ಹೈಡ್ರಾಲಿಕ್ ಅಕ್ಯುಮ್ಯುಲೇಟರ್ ಅಥವಾ ಸೂಪರ್‌ಕೆಪಾಸಿಟರ್ ಬೇಕು. ಲಂಗರು ಹಂಚಿಕೊಳ್ಳುವುದೂ ಸಾಧ್ಯ. ನಾರ್ವೆಯ ಹೈವಿಂಡ್ ಟಂಪೆನ್‌ನಲ್ಲಿ 11 ಗಾಳಿಯಂತ್ರಗಳಿಗೆ 19 ಲಂಗರು ಸಾಕಾಗಿವೆ. ಅಲೆಯಂತ್ರವನ್ನು ಅದೇ ಲಂಗರಿಗೆ ಕಟ್ಟುವ ಮುನ್ನ ಅದರ ಎಳೆತದ ಲಯ ಬೇರೆ ಎಂಬುದನ್ನು ಮಣ್ಣಿನ ಲೆಕ್ಕದಲ್ಲಿ ಸೇರಿಸಿ.

ಯಾವ ಸಮುದ್ರ?

ದೂರದ ಬಿರುಗಾಳಿಯಿಂದ ಹೊರಟ ಉದ್ದ ಅಲೆಗಳು ಬಂದು ಬೀಳುವ ಕಡೆ ಜೋಡಿಗೆ ಅರ್ಥವಿದೆ: ಪೋರ್ಚುಗಲ್, ಗಲೀಸಿಯಾ, ಐರ್ಲೆಂಡಿನ ಪಶ್ಚಿಮ, ಕ್ಯಾಲಿಫೋರ್ನಿಯಾ. ಅಲ್ಲಿ ಗಾಳಿ ಬಿದ್ದ ಮೇಲೂ ಅಲೆ ಬರುತ್ತಲೇ ಇರುತ್ತದೆ. ಕ್ಯಾಲಿಫೋರ್ನಿಯಾ ಕರಾವಳಿಯ ಬಗ್ಗೆ 2010ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಗಾಳಿ ಮಾತ್ರ ಇದ್ದರೆ ವರ್ಷಕ್ಕೆ 1,000 ಗಂಟೆಗೂ ಹೆಚ್ಚು ಹೊತ್ತು ವಿದ್ಯುತ್ತೇ ಇಲ್ಲ. ಎರಡೂ ಸೇರಿದರೆ ಅದು 100 ಗಂಟೆಯೊಳಗೆ ಇಳಿಯುತ್ತದೆ. ಆದರೆ ಇದು ಅಲೆಯ ಪಾಲು ದೊಡ್ಡದಿದ್ದಾಗ ಮಾತ್ರ. ಶೇಕಡ 2ರ ಪಾಲಿನಿಂದ ಈ ಲಾಭ ಬರುವುದಿಲ್ಲ, ತಳಪಾಯ ಬೇರೆ ಮಾಡಿ ಅಲೆಯಂತ್ರಗಳ ಸಂಖ್ಯೆ ಹೆಚ್ಚಿಸಬೇಕು ಎನ್ನಲು ಇದೂ ಒಂದು ಕಾರಣ. ಉತ್ತರ ಸಮುದ್ರದ ತಗ್ಗು ಭಾಗಗಳಲ್ಲಿ ಅಲ್ಲಿನ ಗಾಳಿಯೇ ಅಲ್ಲಿನ ಅಲೆ ಎಬ್ಬಿಸುತ್ತದೆ. ಎರಡೂ ಒಟ್ಟಿಗೆ ಏರಿ ಒಟ್ಟಿಗೆ ಇಳಿಯುತ್ತವೆ, ಕೇಬಲ್ ತುಂಬಿದಾಗಲೇ ಅಲೆಯಂತ್ರವೂ ತುಂಬಿ ಕೊಡುತ್ತದೆ.

ನಮ್ಮ ಅರಬ್ಬೀ ಕರಾವಳಿಯೂ ಈ ವಿಷಯದಲ್ಲಿ ಎರಡನೆಯ ಗುಂಪಿಗೇ ಹತ್ತಿರ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿ, ಅಲೆ ಎರಡೂ ಜೋರು. ಉಳಿದ ತಿಂಗಳು ಎರಡೂ ಮಂದ. ಕಾರವಾರದಿಂದ ಮಂಗಳೂರಿನವರೆಗೆ ಕಡಲತಳ ನಿಧಾನವಾಗಿ ಇಳಿಯುವುದರಿಂದ ತೇಲುವ ಯಂತ್ರಕ್ಕೆ ಬೇಕಾದ ಆಳಕ್ಕೆ ಬಹು ದೂರ ಹೋಗಬೇಕು. 2024ರ ಜೂನ್‌ನಲ್ಲಿ ಕೇಂದ್ರ ಒಪ್ಪಿದ 7,453 ಕೋಟಿ ರೂಪಾಯಿಯ ಯೋಜನೆಯೂ ಗುಜರಾತ್ ಮತ್ತು ತಮಿಳುನಾಡಿನ ಕಡಲಿಗಾಗಿ, ತಲಾ 500 ಮೆಗಾವ್ಯಾಟ್. ಇಲ್ಲಿ ಗ್ರಿಡ್‌ಗಾಗಿ ಜೋಡಿ ಯೋಜನೆ ಹಾಕುವುದಕ್ಕೆ ಸದ್ಯ ಗಟ್ಟಿ ಆಧಾರ ಕಾಣುವುದಿಲ್ಲ.

ಪುಟ್ಟ ಅಲೆಯಂತ್ರ

ಗ್ರಿಡ್ ಕಡಿದಾಗ ತೇಲುವ ಗಾಳಿಯಂತ್ರಕ್ಕೇ ವಿದ್ಯುತ್ ಬೇಕು: ಗಾಳಿಯ ದಿಕ್ಕಿಗೆ ತಲೆ ತಿರುಗಿಸಲು, ನೇಸೆಲ್‌ನ (ಗೋಪುರದ ತುದಿಯ ಯಂತ್ರಪೆಟ್ಟಿಗೆಯ) ತೇವ ಆರಿಸಲು, ಹಡಗುಗಳಿಗೆ ದೀಪ ತೋರಿಸಲು, ಬ್ಯಾಲಸ್ಟ್ ಪಂಪಿಗೆ, ಸಂಪರ್ಕಕ್ಕೆ. ಈಗ ಡೀಸೆಲ್ ಜನರೇಟರ್ ಅಥವಾ ಬ್ಯಾಟರಿ ಈ ಕೆಲಸ ಮಾಡುತ್ತದೆ. ಸ್ಕಾಟ್ಲೆಂಡಿನ ಆರ್ಕ್ನಿ ಬಳಿ 2023ರಲ್ಲಿ ಮೋಶನ್ ಕಂಪನಿಯ 10 ಕಿಲೋವ್ಯಾಟ್‌ನ ಬ್ಲೂ ಎಕ್ಸ್ ಯಂತ್ರವನ್ನು ಕಡಲತಳದ ಬ್ಯಾಟರಿಗೆ ಜೋಡಿಸಿ ನೀರೊಳಗಿನ ಉಪಕರಣಗಳಿಗೆ ವಿದ್ಯುತ್ ಕೊಟ್ಟು ತೋರಿಸಿದರು. ಇದೇ ಕ್ರಮ ಗಾಳಿಯಂತ್ರದ ಪಕ್ಕಕ್ಕೂ ಒಗ್ಗುತ್ತದೆ, ಯಾರೂ ಇದಕ್ಕೆ ಕೊಡಬೇಕಾದಷ್ಟು ಗಮನ ಕೊಟ್ಟಿಲ್ಲ. ದೋಣಿಯಲ್ಲಿ ಡೀಸೆಲ್ ಒಯ್ಯುವ ಖರ್ಚಿನ ಎದುರು ಇಲ್ಲಿ ಒಂದೊಂದು ಕಿಲೋವ್ಯಾಟ್‌ಗೂ ಬೆಲೆಯಿದೆ. ಬ್ಯಾಟರಿಯ ಗಾತ್ರವನ್ನು ನಿಮ್ಮ ಕಡಲಿನ ಅತಿ ಉದ್ದದ ಶಾಂತ ಅವಧಿಗೆ ಲೆಕ್ಕ ಹಾಕಿ, ಸರಾಸರಿಗೆ ಅಲ್ಲ.

ಆರಿಸುವ ಮುನ್ನ

ಇಆರ್‌ಎ5 (ಹಿಂದಿನ ವರ್ಷಗಳ ಹವಾಮಾನವನ್ನು ಮರುಲೆಕ್ಕ ಹಾಕಿದ ಯುರೋಪಿನ ಸಂಗ್ರಹ) ದತ್ತಾಂಶದಿಂದ ನಿಮ್ಮ ಜಾಗದ ಗಾಳಿ, ಅಲೆ ಎತ್ತರ, ಅವಧಿ, ದಿಕ್ಕು ಇವನ್ನು ಗಂಟೆಗಂಟೆಗೆ ಕನಿಷ್ಠ ಹತ್ತು ವರ್ಷಕ್ಕೆ ಇಳಿಸಿಕೊಳ್ಳಿ. ಭಾರತದ ನೀರಾದರೆ ಹೈದರಾಬಾದಿನ ಸಾಗರ ಮಾಹಿತಿ ಕೇಂದ್ರ ಇನ್‌ಕಾಯ್ಸ್‌ನ ಬೋಯ್ (ಕಡಲಲ್ಲಿ ತೇಲಿಬಿಟ್ಟ ಅಳತೆಯಂತ್ರ) ಅಳತೆಗಳೊಂದಿಗೆ ತಾಳೆ ನೋಡಿ. ಗಾಳಿ ನಿಂತ ಗಂಟೆಗಳಲ್ಲಿ ಅಲೆ ಎಷ್ಟಿತ್ತು ಎಂಬ ಒಂದೇ ಪಟ್ಟಿ ಮಾಡಿದರೂ ಅರ್ಧ ತೀರ್ಮಾನ ಆಗಿಹೋಗುತ್ತದೆ. ಆಮೇಲೆ ಕಂಪ್ಯೂಟರಿನಲ್ಲಿ ಯಂತ್ರ ಓಡಿಸಿ ನೋಡುವ ತಂತ್ರಾಂಶಗಳು: ಗಾಳಿಯಂತ್ರಕ್ಕೆ ಓಪನ್‌ಫಾಸ್ಟ್, ಅಲೆಯಂತ್ರಕ್ಕೆ ವೆಕ್-ಸಿಮ್, ಎರಡೂ ಉಚಿತ, ಆದರೆ ವೆಕ್-ಸಿಮ್ ಓಡಿಸಲು ದುಡ್ಡು ಕೊಟ್ಟು ಕೊಳ್ಳುವ ಮ್ಯಾಟ್‌ಲ್ಯಾಬ್ ಬೇಕು. ಒಂದೇ ತಳಪಾಯವಾದರೆ ಬೇರೆ ಬೇರೆ ಓಡಿಸಿ ಕೂಡಿಸಬೇಡಿ, ಒಂದರ ಚಲನೆ ಇನ್ನೊಂದರ ಬಲವನ್ನು ಬದಲಿಸುತ್ತದೆ.

ತೊಟ್ಟಿಯಲ್ಲಿ ಮಾದರಿ ಪರೀಕ್ಷೆ ಮಾಡಿಸುವಾಗ ಅಳತೆಯ ಬಗ್ಗೆ ಎಚ್ಚರ. 1:50ರ ಮಾದರಿಯಲ್ಲಿ ಉದ್ದ 50 ಪಟ್ಟು ಕುಗ್ಗಿದರೆ ವಿದ್ಯುತ್ ಸುಮಾರು 8.8 ಲಕ್ಷ ಪಟ್ಟು ಕುಗ್ಗುತ್ತದೆ. ನಿಜದ 50 ಕಿಲೋವ್ಯಾಟ್ ಅಲ್ಲಿ 57 ಮಿಲಿವ್ಯಾಟ್. ಮಾದರಿಯ ಒಂದು ಸಣ್ಣ ಬೇರಿಂಗಿನ ಘರ್ಷಣೆಯೇ ಅದಕ್ಕಿಂತ ಹೆಚ್ಚು ತಿನ್ನಬಹುದು, ಆಗ ಸಿಕ್ಕಿದ "ಹಿಡಿತ" ಬರೀ ಘರ್ಷಣೆ. ಅಲೆ ವಿದ್ಯುತ್ತಿನ ಅಂಕಿ ಬೇಕಿದ್ದರೆ 1:20ಕ್ಕಿಂತ ಚಿಕ್ಕ ಮಾದರಿ ಒಪ್ಪಬೇಡಿ, ಖಾಲಿ ಓಡಿಸಿ ಅಳೆದ ಘರ್ಷಣೆಯ ಪಟ್ಟಿಯನ್ನು ವರದಿಯ ಜೊತೆ ಕೇಳಿ ಪಡೆಯಿರಿ.